ಕಮ್ಮಿ ದುಡ್ಡಲ್ಲಿ ಫ್ಯಾಮಿಲಿ ಟೆಂಟ್ ತಗೊಳ್ಳೋರು ಮೊದ್ಲು ಗಾಳಿ ಕಡೆ ನೋಡ್ರಿ

ಟೆಂಟ್ ತಗೋಬೇಕು ಅಂತ ಫೋನಲ್ಲಿ ಹುಡುಕೋಕೆ ಕೂತ್ರೆ ಎಲ್ಲಾ ಕಡೆ ಎರಡೇ ಮಾತು, ಎಷ್ಟು ಜನ ಮಲಗಬೋದು, ವಾಟರ್‌ಪ್ರೂಫ್ ಹೌದೋ ಅಲ್ವೋ. ಎರಡೂ ಬೇಕು, ಬೇಡ ಅನ್ನಲ್ಲ, ಆದ್ರೆ ನಮ್ ದಾವಣಗೆರೆ ಚಿತ್ರದುರ್ಗ ಕಡೆಯೋರು ಇವೆರಡಕ್ಕಿಂತ ಮುಂಚೆ ಕೇಳ್ಬೇಕಾಗಿರೋದು ಇದು ಗಾಳಿಗೆ ನಿಲ್ತೈತಾ ಅಂತ. ಹೈವೇಲಿ ದುರ್ಗ ದಾಟುವಾಗ ಗುಡ್ಡದ ಮೇಲೆ ಸಾಲಾಗಿ ಆ ದೊಡ್ಡ ಫ್ಯಾನ್‌ಗಳನ್ನ ನಿಲ್ಲಿಸವ್ರಲ್ಲ, ಅದು ಚೆಂದಕ್ಕಲ್ಲ, ಅಲ್ಲಿ ಗಾಳಿ ಇರೋದಕ್ಕೇ. ಅಂಥ ಸೀಮೇಲಿ ಟೆಂಟ್ ಹಾಕೋರು ಗಾಳಿ ಲೆಕ್ಕ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ನೋಡಿದ್ರೆ ದುಡ್ಡು ದಂಡ.

ಇನ್ನೊಂದು ಏನಂದ್ರೆ, ಫ್ಯಾಮಿಲಿ ಅಂದ್ಮೇಲೆ ನಾವು ಹೊರಡೋದು ಮಕ್ಕಳ ಸ್ಕೂಲ್ ರಜಕ್ಕೆ, ಅಂದ್ರೆ ವರ್ಷಕ್ಕೆ ಮೂರೇ ಸೀಸನ್. ಒಂದು ಏಪ್ರಿಲ್ ಮೇ ಬೇಸಿಗೆ ರಜ, ಹಗಲೆಲ್ಲಾ ಸುಡು ಬಿಸ್ಲು, ಸಾಯಂಕಾಲ ಆಗ್ತಿದ್ದಂಗೆ ಮೋಡ ಕಟ್ಕೊಂಡು ಭರಣಿ ಮಳೆ ಗುಡುಗು ಸಿಡ್ಲು ಸಮೇತ ಇಳಿತೈತೆ, ಮಳೆಗಿಂತ ಮುಂಚೆ ಧೂಳೆಬ್ಬಿಸ್ಕೊಂಡು ಗಾಳಿ ಬರ್ತೈತಲ್ಲ, ಟೆಂಟ್ ಪೋಲ್ ಮುರಿಯೋದು ಆ ಹದಿನೈದು ನಿಮಿಷದಲ್ಲೇ. ಎರಡ್ನೇದು ದಸರಾ ರಜ, ಹಿರಿಯೂರು ಚಳ್ಳಕೆರೆ ಕಡೆಗಂತೂ ಸೆಪ್ಟೆಂಬರ್ ಅಕ್ಟೋಬರೇ ಜೋರು ಮಳೆ ತಿಂಗ್ಳು. ಮೂರ್ನೇದು ಡಿಸೆಂಬರ್ ಕ್ರಿಸ್‌ಮಸ್ ಟೈಮು, ಮಳೆ ಕಾಟ ಇಲ್ಲ ಆದ್ರೆ ಚಳಿ, ಬೆಳಗ್ಗೆ ಇಬ್ಬನಿ, ಟೆಂಟ್ ಒಳಗೋಡೆಯೆಲ್ಲಾ ಒದ್ದೆ. ಈ ಮೂರನ್ನೂ ತಡ್ಕೊಂಡ್ರೆ ಸಾಕು, ಹಿಮಾಲಯಕ್ಕೆ ಹೋಗೋರ ಟೆಂಟ್ ನಮಗೆ ಬೇಕಾಗಿಲ್ಲ, ಅದಕ್ಕೆ ಇಪ್ಪತ್ತು ಮೂವತ್ತು ಸಾವ್ರ ಕೊಡೋದೂ ಬೇಕಾಗಿಲ್ಲ.

ಗಾಳಿ ವಿಷ್ಯಕ್ಕೆ ಬರ್ತೀನಿ. ಗಾಳಿ ಸ್ಪೀಡು ಎರಡು ಪಟ್ಟಾದ್ರೆ ಟೆಂಟ್ ಮೇಲೆ ಬೀಳೋ ಒತ್ತಡ ನಾಲ್ಕು ಪಟ್ಟಾಗ್ತೈತೆ, ಎರಡಲ್ಲ. ಅದಕ್ಕೇ ಸಾಯಂಕಾಲ ಆರಾಮಾಗಿ ನಿಂತಿರೋ ಟೆಂಟು ರಾತ್ರಿ ಒಂದು ಬೀಸಿಗೆ ಮಗುಚಿ ಬೀಳೋದು. ಎತ್ತರ ಜಾಸ್ತಿ ಇದ್ದಷ್ಟೂ, ಗೋಡೆ ನೆಟ್ಟಗೆ ಇದ್ದಷ್ಟೂ ಗಾಳಿ ಹಿಡಿತೈತೆ. ಆನ್‌ಲೈನಲ್ಲಿ ನೋಡಿದ್ರೆ ಒಳಗೆ ನಿಂತ್ಕೊಂಡು ಓಡಾಡೋ ಮನೆ ಆಕಾರದ ದೊಡ್ಡ ಟೆಂಟ್‌ಗಳು ಚೆಂದ ಕಾಣ್ತವೆ, ಮನೆಯವ್ರಿಗೂ ಅದೇ ಇಷ್ಟ ಆಗ್ತೈತೆ, ಸೀರೆ ಬದಲಾಯಿಸೋಕೆ ಅನುಕೂಲ ಅಂತ. ಸರಿನೇ, ಆದ್ರೆ ಕಮ್ಮಿ ರೇಟಲ್ಲಿ ಆ ಎತ್ತರ ಕೊಡ್ಬೇಕು ಅಂದ್ರೆ ಕಂಪನಿಯವ್ರು ಪೋಲಲ್ಲೇ ಉಳಿಸ್ತಾರೆ, ಸಣ್ಣ ಪೋಲು ಉದ್ದ ಗೋಡೆ, ಇದು ನಮ್ ಗಾಳಿಗೆ ಆಗದ ಮಾತು. ಆರು ಏಳು ಸಾವ್ರದ ಒಳಗೆ ತಗೊಳ್ಳೋದಾದ್ರೆ ಗುಮ್ಮಟದ ಆಕಾರದ್ದೇ ತಗೊಳ್ಳಿ, ಮಧ್ಯದಲ್ಲಿ ನಾಲ್ಕೂಕಾಲು ನಾಲ್ಕೂವರೆ ಅಡಿ ಎತ್ತರ ಇದ್ರೆ ಸಾಕು, ಬಗ್ಗಿ ಹೋಗಿ ಕೂತ್ಕೊಳ್ಳೋದು ಮಲಗೋದು ತಾನೇ. ಬಟ್ಟೆ ಬದಲಾಯಿಸೋಕೆ ಕಾರ್ ಪಕ್ಕ ಒಂದು ಹಳೇ ಬೆಡ್‌ಶೀಟ್ ಕಟ್ಟಿದ್ರೆ ಮುಗೀತು.

ಪೋಲ್ ಎಷ್ಟು ದಪ್ಪ ಅಂತ ಹೆಚ್ಚಿನವ್ರು ನೋಡೋದೇ ಇಲ್ಲ. ಬಜೆಟ್ ಟೆಂಟಲ್ಲಿ ಬರೋದು ಫೈಬರ್‌ಗ್ಲಾಸ್ ಪೋಲು, ಒಳಗೆ ಎಲಾಸ್ಟಿಕ್ ದಾರ ಇರ್ತೈತೆ, ತುಂಡು ತುಂಡು ಜೋಡಿಸೋದು. ಇಬ್ಬರ ಟೆಂಟ್‌ಗೆ 7 8 ಎಂಎಂ ನಡೀತೈತೆ, ಆದ್ರೆ ನಾಲ್ಕು ಜನದ್ದಕ್ಕೆ 8.5 ಕ್ಕಿಂತ ಕಮ್ಮಿ ಇರೋದು ಬೇಡ, 9.5 ಸಿಕ್ರೆ ಒಳ್ಳೇದು, ಆರು ಜನದ್ದಾದ್ರೆ 9.5 ರಿಂದ 11 ಎಂಎಂ. ಪ್ರಾಡಕ್ಟ್ ಪೇಜಲ್ಲಿ ಈ ನಂಬರ್ ಬರ್ದೇ ಇಲ್ಲ ಅಂದ್ರೆ ಪ್ರಶ್ನೆ ಕೇಳೋ ಜಾಗದಲ್ಲಿ ಕೇಳ್ರಿ, ಉತ್ತರ ಬರ್ಲಿಲ್ಲ ಅಂದ್ರೆ ಅದೇ ಉತ್ತರ, ಮುಂದಕ್ಕೆ ಹೋಗಿ. ಅಲ್ಯೂಮಿನಿಯಂ ಪೋಲ್ ಹಗುರ, ಮುರಿಯೋ ಬದ್ಲು ಬಾಗ್ತೈತೆ, ಆದ್ರೆ ದುಬಾರಿ, ಕಾರಲ್ಲಿ ಹೋಗೋರಿಗೆ ತೂಕದ ಚಿಂತೆ ಇಲ್ಲ ಅಲ್ವಾ ಹಂಗಾಗಿ ದಪ್ಪ ಫೈಬರ್‌ಗ್ಲಾಸೇ ಸಾಕು. ಎರಡು ಪೋಲು ಮೇಲೆ ಒಂದೇ ಕಡೆ ಕ್ರಾಸ್ ಆಗೋದಕ್ಕಿಂತ ಮೂರು ಪೋಲು ಎರಡು ಮೂರು ಕಡೆ ಕ್ರಾಸ್ ಆಗೋದು ಗಟ್ಟಿ, ಐನೂರು ಏಳ್ನೂರು ಜಾಸ್ತಿ ಆದ್ರೂ ಅದಕ್ಕೆ ಕೊಡಿ. ಫೈಬರ್‌ಗ್ಲಾಸ್ ಸೀಳಿದ್ರೆ ಕೈಗೆ ಮುಳ್ಳು ಚುಚ್ತೈತೆ, ಮಕ್ಕಳ ಕೈಗೆ ಕೊಡ್ಬೇಡಿ. ಪೋಲ್ ತೂರೋ ಅಷ್ಟು ತೂತು ಅಗಲ ಇರೋ, ಒಂದು ಗೇಣು ಉದ್ದದ ಕಬ್ಬಿಣದ ಪೈಪ್ ತುಂಡು ಹಾರ್ಡ್‌ವೇರ್ ಅಂಗಡೀಲಿ ಕಟ್ ಮಾಡಿಸ್ಕೊಂಡು ಟೆಂಟ್ ಚೀಲದಲ್ಲೇ ಹಾಕಿಡಿ, ಮುರಿದ ಜಾಗಕ್ಕೆ ಅದನ್ನ ತೂರಿಸಿ ಟೇಪ್ ಸುತ್ತಿದ್ರೆ ಆ ರಾತ್ರಿ ಕಳಿತೈತೆ.

ಹಗ್ಗ ಕಟ್ಟೋ ಕಿವಿ ಎಷ್ಟು ಅವೆ ಅಂತ ಎಣಿಸ್ರಿ. ನಾಲ್ಕು ಮೂಲೆಗೆ ನಾಲ್ಕು ಕೊಟ್ಟು ಕೈ ತೊಳ್ಕೊಂಡಿರೋ ಟೆಂಟ್ ಬಹಳ. ನಮಗೆ ಬೇಕಾಗಿರೋದು ಗೋಡೆಯ ನಡು ಎತ್ತರದಲ್ಲೂ ಕಿವಿ ಇರೋದು, ಅದರ ಹಿಂದೆ ಒಳಗಡೆ ಪೋಲ್‌ಗೆ ಸುತ್ತೋ ವೆಲ್ಕ್ರೋ ಪಟ್ಟಿ ಇದ್ರೆ ಇನ್ನೂ ಚೆನ್ನ, ಯಾಕಂದ್ರೆ ಅವಾಗ ಹಗ್ಗ ಎಳೆಯೋದು ಬಟ್ಟೇನ ಅಲ್ಲ ಪೋಲನ್ನ. ಬಟ್ಟೇನ ಮಾತ್ರ ಎಳೆಯೋ ಹಗ್ಗ ಜೋರು ಗಾಳಿಗೆ ಹೊಲಿಗೇನೇ ಕಿತ್ಕೊಂಡು ಬರ್ತೈತೆ.

ಸೈಜಿಗೆ ಬನ್ನಿ. ಫೋರ್ ಪರ್ಸನ್ ಅಂತ ಬರ್ದಿರೋದನ್ನ ನಂಬಬ್ಯಾಡ್ರಿ. ಅವ್ರ ಲೆಕ್ಕ ಒಬ್ಬರಿಗೆ ಸುಮಾರು 60 ಸೆಂಟಿಮೀಟರ್ ಅಗಲ, ಅಂದ್ರೆ ಎರಡಡಿ, ಬ್ಯಾಗು ಇಲ್ಲ, ನೀರಿನ ಕ್ಯಾನ್ ಇಲ್ಲ, ಮಗ್ಗಲು ಬದಲಾಯಿಸೋ ಹಂಗಿಲ್ಲ, ಸತ್ತೋರಂಗೆ ನೆಟ್ಟಗೆ ಮಲಗಬೇಕು. ಸಾಮಾನ್ಯ ಫೋರ್ ಪರ್ಸನ್ ಟೆಂಟ್ ನೆಲ 210 ರಿಂದ 240 ಸೆಂಟಿಮೀಟರ್ ಅಗಲ, 210 ಉದ್ದ, ಅಂದ್ರೆ ಹೆಚ್ಚು ಅಂದ್ರೆ ಎಂಟಡಿ ಏಳಡಿ. ಇದನ್ನ ಊಹೆ ಮಾಡೋದು ಬೇಡ, ಈಗ ಎಲ್ಲರ ಮನೇಲೂ ಎರಡಡಿ ಎರಡಡಿ ಟೈಲ್ಸ್ ಐತಲ್ಲ, ಹಾಲಲ್ಲಿ ಅಡ್ಡಕ್ಕೆ ನಾಲ್ಕು ಟೈಲ್ಸು ಉದ್ದಕ್ಕೆ ಮೂರೂವರೆ ಟೈಲ್ಸು ಲೆಕ್ಕ ಹಾಕಿ ಸುಣ್ಣದ ಕಡ್ಡೀಲಿ ಗೆರೆ ಹಾಕಿ ಎಲ್ಲರೂ ಮಲ್ಕೊಂಡು ನೋಡ್ರಿ. ಗಂಡ ಹೆಂಡ್ತಿ ಎರಡು ಸಣ್ಣ ಮಕ್ಕಳು ಅಂದ್ರೆ ಹೆಂಗೋ ಆಗ್ತೈತೆ. ಮಕ್ಕಳು ಹೈಸ್ಕೂಲ್ ಅಂದ್ರೆ, ಇಲ್ಲ ಜೊತೆಗೆ ಅಜ್ಜಿನೂ ಬರ್ತಾರೆ ಅಂದ್ರೆ ಸಿಕ್ಸ್ ಪರ್ಸನ್ ತಗೊಳ್ಳಲೇಬೇಕು, ಇಲ್ಲ ಅಂದ್ರೆ ಎರಡು ಸಣ್ಣ ಟೆಂಟು. ನನ್ನ ಕೇಳಿದ್ರೆ ಎರಡು ಸಣ್ಣದೇ ವಾಸಿ, ಸಣ್ಣ ಟೆಂಟ್ ಗಾಳಿ ಕಮ್ಮಿ ಹಿಡಿತೈತೆ, ಸಣ್ಣ ಜಾಗದಲ್ಲಿ ಹಿಡಿಸ್ತೈತೆ, ಒಂದು ಕೆಟ್ರೆ ಇನ್ನೊಂದು ಐತೆ, ಗೊರಕೆ ಹೊಡಿಯೋರನ್ನ ಬೇರೆ ಕಡೆ ಹಾಕಬೋದು. ಚಿಕ್ಕ ಮಕ್ಕಳು ಅಮ್ಮನ್ನ ಬಿಟ್ಟು ಮಲಗಲ್ಲ ಅನ್ನೋ ಮನೇಲಿ ಮಾತ್ರ ಇದು ನಡೆಯಲ್ಲ. ಉದ್ದದ ಬಗ್ಗೆ ಒಂದು ಮಾತು, ಗೋಡೆ ಒಳಕ್ಕೆ ವಾಲಿರ್ತೈತೆ ಅಲ್ವಾ, ಆರಡಿ ಆಳು ಆರೂವರೆ ಅಡಿ ಟೆಂಟಲ್ಲಿ ಮಲಗಿದ್ರೆ ತಲೆನೋ ಕಾಲೋ ಗೋಡೆಗೆ ತಾಗಿ ಬೆಳಗ್ಗೆ ಒದ್ದೆ, ಏಳಡಿ ಇರ್ಲೇಬೇಕು.

ಇನ್ನು ಮಳೆ. ಅಂಗಡೀಲಿ "ಅಣ್ಣ ಇದು ವಾಟರ್‌ಪ್ರೂಫಾ?" ಅಂದ್ರೆ "ಫುಲ್ ವಾಟರ್‌ಪ್ರೂಫ್ ಸರ್, ಏನೂ ಯೋಚ್ನೆ ಮಾಡ್ಬೇಡಿ" ಅಂತಾರೆ, ಅವ್ರಿಗೂ ಗೊತ್ತಿರಲ್ಲ ಪಾಪ. ಕೇಳ್ಬೇಕಾಗಿರೋದು ಎಷ್ಟು ಎಂಎಂ ಅಂತ. ಬಟ್ಟೆ ಮೇಲೆ ಒಂದು ಕೊಳವೆ ನಿಲ್ಲಿಸಿ ನೀರು ತುಂಬ್ತಾ ಹೋಗ್ತಾರೆ, ಎಷ್ಟು ಎತ್ತರದ ನೀರಿಗೆ ಬಟ್ಟೆ ಜಿನುಗೋಕೆ ಶುರು ಆಗ್ತೈತೋ ಅದೇ ಆ ನಂಬರ್. 1000 ಎಂಎಂ ಅಂದ್ರೆ ತುಂತುರಿಗೆ ಸರಿ, ಅಷ್ಟೇ. ಮೇಲಿನ ಹೊದಿಕೆ 1500 ಕ್ಕಿಂತ ಕೆಳಗೆ ಇರಬಾರ್ದು, 2000 ಇದ್ರೆ ನಮ್ ಕಡೆ ಮಳೆಗೆ ಸಾಕು, ಆಗುಂಬೆ ಸಕಲೇಶಪುರ ಅಂತ ಮಲೆನಾಡಿಗೂ ಒಯ್ಯೋ ಆಸೆ ಇದ್ರೆ 3000 ನೋಡ್ರಿ. ನೆಲಕ್ಕೆ ಇನ್ನೂ ಜಾಸ್ತಿ ಬೇಕು ಯಾಕಂದ್ರೆ ಒದ್ದೆ ನೆಲದ ಮೇಲೆ ನಾವು ಮೊಣಕಾಲೂರಿದ್ರೆ ಆ ಒತ್ತಡಕ್ಕೆ ನೀರು ಮೇಲಕ್ಕೆ ಬರ್ತೈತೆ, 3000 ಅಥವಾ ಮೇಲೆ, ಇಲ್ಲ ತಾಡಪಾಲ್ ತರದ ದಪ್ಪ ಪಿಇ, ಅಂದ್ರೆ ಪಾಲಿಥೀನ್ ನೆಲ. ನೆಲದ ಶೀಟು ಬರೀ ನೆಲಕ್ಕೆ ನಿಲ್ಲದೆ ಸುತ್ತ ನಾಲ್ಕು ಬೆರಳು ಒಂದು ಗೇಣು ಗೋಡೆಗೂ ಹತ್ತಿರ್ಬೇಕು, ಹೊಲಿಗೆ ನೆಲದ ಮಟ್ಟದಲ್ಲೇ ಇದ್ರೆ ನೀರು ಹರಿದು ಬಂದಾಗ ಅಲ್ಲಿಂದ್ಲೇ ಒಳಗೆ ಬರೋದು.

ಎಂಎಂ ನೋಡಿ ಖುಷಿ ಪಟ್ಟು ಹೊಲಿಗೆ ಮರೀಬೇಡಿ, ಬಟ್ಟೆಗಿಂತ ಸೂಜಿ ತೂತಿಂದ ಸೋರೋದೇ ಜಾಸ್ತಿ. ಹೊದಿಕೆನ ಒಳಮೈ ಹೊರಗೆ ಮಾಡಿ ನೋಡಿದ್ರೆ ಹೊಲಿಗೆ ಉದ್ದಕ್ಕೂ ಹೊಳೆಯೋ ಪಾರದರ್ಶಕ ಟೇಪ್ ಅಂಟಿಸಿರಬೇಕು, ಎಲ್ಲಾ ಹೊಲಿಗೆಗೂ. ಮೂಲೇಲಿ ಟೇಪ್ ಎದ್ದಿದ್ರೆ ಆ ಪೀಸ್ ಬೇಡ ಅನ್ರಿ.

ಅದಕ್ಕಿಂತ ದೊಡ್ಡ ಮೋಸ ಅಂದ್ರೆ ಹೊದಿಕೆ ಸೈಜು. ಒಳ್ಳೆ ಟೆಂಟ್‌ಗೆ ಎರಡು ಪದರ, ಒಳಗೆ ಗಾಳಿಯಾಡೋ ಬಟ್ಟೆ ಮತ್ತೆ ಸೊಳ್ಳೆ ಜಾಲರಿ, ಮೇಲೆ ನೆಲದ ತನಕ ಬರೋ ಮಳೆ ಹೊದಿಕೆ, ಎರಡ್ರ ನಡುವೆ ಒಂದು ಅಂಗೈ ಅಷ್ಟು ಜಾಗ. ಅಗ್ಗದ ಟೆಂಟಲ್ಲಿ ಮೇಲ್ಗಡೆ ಮಾತ್ರ ಟೋಪಿ ಇಟ್ಟಂಗೆ ಒಂದು ತುಂಡು ಹಾಕಿರ್ತಾರೆ, ಸೈಡಲ್ಲಿ ಬರೀ ಒಂದೇ ಪದರ. ಮಳೆ ನೆಟ್ಟಗೆ ಬಿದ್ರೆ ಟೋಪಿ ಸಾಕಿತ್ತು, ನಮ್ ಕಡೆ ಮಳೆ ಗಾಳಿ ಜೊತೆ ಓರೆ ಹೊಡಿತೈತೆ, ಸೈಡಿಂದ ಒಳಗೆ ನುಗ್ತೈತೆ. ಒಂದೇ ಪದರದ್ದರಲ್ಲಿ ಇನ್ನೊಂದು ತೊಂದ್ರೆ, ನಾಲ್ಕೈದು ಜನ ರಾತ್ರಿಯೆಲ್ಲಾ ಉಸಿರು ಬಿಟ್ಟ ತೇವ ತಣ್ಣಗಿನ ಗೋಡೆ ಮೇಲೆ ನೀರಾಗಿ ಕೂತ್ಕೊಂಡು ಡಿಸೆಂಬರ್ ಬೆಳಗ್ಗೆ ಹೊದ್ದಿರೋ ಕಂಬ್ಳಿ ಮೇಲೆ ತೊಟ್ಟಿಕ್ತೈತೆ, ಎಷ್ಟೋ ಜನ ಅದನ್ನ ಟೆಂಟ್ ಸೋರ್ತೈತೆ ಅಂದ್ಕೊಂಡು ಒಂದು ಸ್ಟಾರ್ ಕೊಟ್ಟಿರ್ತಾರೆ. ರಿವ್ಯೂ ಓದುವಾಗ ಮಳೆ ಬಂದು ಸೋರ್ತಾ, ಮಳೆ ಇಲ್ದೆ ಸೋರ್ತಾ ಅಂತ ನೋಡ್ರಿ, ಎರಡನೇದಾದ್ರೆ ಅದು ಟೆಂಟ್ ತಪ್ಪಲ್ಲ, ಕಿಟಕಿ ಮುಚ್ಕೊಂಡು ಮಲಗಿದವ್ರ ತಪ್ಪು. ಎದುರು ಬದುರು ಎರಡು ಕಡೆ ಜಾಲರಿ, ಮೇಲೊಂದು ಗಾಳಿಗಂಡಿ, ಇಷ್ಟಿದ್ರೆ ಬೇಸಿಗೇಲೂ ಉಸಿರಾಡಬೋದು.

ಬಟ್ಟೆ ಪಾಲಿಯೆಸ್ಟರ್ ಇರ್ಲಿ. ನೈಲಾನ್ ಹಗುರ ಹೌದು ಆದ್ರೆ ಒದ್ದೆಯಾದ್ರೆ ಜೋಲು ಬೀಳ್ತೈತೆ, ಬಿಸ್ಲಿಗೆ ಬೇಗ ಸತ್ವ ಕಳ್ಕೊಳ್ತೈತೆ. 190ಟಿ 210ಟಿ ಅಂತ ಬರ್ದಿರೋದು ನೂಲು ಎಷ್ಟು ಒತ್ತಾಗಿ ನೇಯ್ದವ್ರೆ ಅಂತ, ಡಿ ಅಂತ ಇರೋದು ನೂಲು ಎಷ್ಟು ದಪ್ಪ ಅಂತ. ಕಾಟನ್ ಮಿಲ್ಲುಗಳ ಊರು ದಾವಣಗೆರೆ, ಮಿಲ್ಲಲ್ಲಿ ದುಡಿದ ಅಜ್ಜಂದಿರು ಯಾರಾದ್ರೂ ಮನೇಲಿದ್ರೆ ಬಟ್ಟೆ ಕೈಯಲ್ಲಿ ಉಜ್ಜಿ ನೋಡೇ ಹೇಳ್ಬಿಡ್ತಾರೆ, ನಿಮಗೆ ನಂಬರ್ ಬೇಕಾದ್ರೆ ಹೊದಿಕೆ 190ಟಿ ಮೇಲೆ, ನೆಲ 150ಡಿ ಅಥವಾ 210ಡಿ. ಬೆಳ್ಳಿ ಬಣ್ಣದ ಲೇಪ ಇದ್ರೆ ಬಿಸ್ಲು ಸ್ವಲ್ಪ ತಡಿತೈತೆ. ಡೆಕಾಥ್ಲಾನ್‌ನವ್ರ ಕೆಚುವಾ ಬ್ರ್ಯಾಂಡಲ್ಲಿ ಫ್ರೆಶ್ ಅಂಡ್ ಬ್ಲ್ಯಾಕ್ ಅಂತ ಒಂದು ತರದ ಬಟ್ಟೆ ಬರ್ತೈತೆ, ಹಗಲಲ್ಲೂ ಒಳಗೆ ಕತ್ಲೆ, ಮಕ್ಕಳು ಮಧ್ಯಾಹ್ನ ಮಲಗ್ತಾರೆ ಅನ್ನೋರಿಗೆ ಚೆನ್ನ, ಆದ್ರೆ ಮಾಮೂಲಿದಕ್ಕಿಂತ ರೇಟು ಜಾಸ್ತಿ. ಏನೇ ಹಾಕಿದ್ರೂ ಮೇ ತಿಂಗಳ ಮಧ್ಯಾಹ್ನ ಯಾವ ಟೆಂಟ್ ಒಳಗೂ ಕೂರೋಕಾಗಲ್ಲ, ಆ ಆಸೆ ಬಿಟ್ಬಿಡಿ. ಪೂರ್ವಕ್ಕೆ ನೆರಳು ಸಿಗೋ ಹಂಗೆ ಹಾಕಿದ್ರೆ ಬೆಳಗ್ಗೆ ಒಂದೆರಡು ಗಂಟೆ ಜಾಸ್ತಿ ನಿದ್ದೆ ಸಿಗ್ತೈತೆ ಅಷ್ಟೆ.

ನೆರಳು ಅಂದ್ಕೂಡ್ಲೆ ತೆಂಗಿನ ಮರದ ಕೆಳಗೆ ಹಾಕ್ಬೇಡಿ ಮತ್ತೆ. ಹಿರಿಯೂರು ಹೊಸದುರ್ಗ ಕಡೆ ನೆಂಟರ ತೋಟಕ್ಕೆ ಹೋಗೋರು, ಚನ್ನಗಿರಿ ಕಡೆ ಅಡಿಕೆ ತೋಟಕ್ಕೆ ಹೋಗೋರು ಇದನ್ನ ನೆನಪಿಟ್ಕೊಳ್ರಿ, ಕಾಯಿ ಬಿದ್ರೆ ಟೆಂಟ್ ಬಟ್ಟೆ ಏನು ತಡಿತೈತೆ, ಒಣಗಿದ ಗರಿ ಬಿದ್ರೂ ಪೋಲ್ ಹೋಯ್ತು. ತೋಟದ ಅಂಚಲ್ಲಿ, ಕಣದಲ್ಲಿ, ಪಂಪ್‌ಹೌಸ್ ಪಕ್ಕ ಬಯಲಲ್ಲಿ ಹಾಕಿ.

ಆಟೋಮ್ಯಾಟಿಕ್ ಟೆಂಟ್ ಬಗ್ಗೆ ಕೇಳ್ತಾರೆ, ಛತ್ರಿ ಬಿಚ್ಚೋ ತರ ಹಗ್ಗ ಎಳೆದ್ರೆ ನಿಂತ್ಕೊಳ್ಳೋದು. ವಿಡಿಯೋದಲ್ಲಿ ಭಾರಿ ಚೆಂದ. ಮೇಲಿರೋ ಪ್ಲಾಸ್ಟಿಕ್ ಜಾಯಿಂಟ್ ಮುರಿದ್ರೆ ನಮ್ಮೂರಲ್ಲಿ ರಿಪೇರಿ ಮಾಡೋರು ಯಾರೂ ಇಲ್ಲ, ಇಡೀ ಟೆಂಟ್ ಅಟ್ಟಕ್ಕೆ. ಎಸೆದ್ರೆ ತಾನೇ ಬಿಚ್ಕೊಳ್ಳೋ ರೌಂಡ್ ಟೆಂಟ್ ಇನ್ನೊಂದು, ಅದನ್ನ ಮಡಚೋಕೆ ಬರದೆ ಗಂಡ ಹೆಂಡ್ತಿ ಜಗಳ ಆಗೋದು ಗ್ಯಾರಂಟಿ, ಮಡಚಿದ್ಮೇಲೂ ದೊಡ್ಡ ತಟ್ಟೆ ಹಂಗೆ ಇರೋದ್ರಿಂದ ಡಿಕ್ಕೀಲಿ ಅಡ್ಡಡ್ಡ. ಮಾಮೂಲಿ ಪೋಲ್ ಟೆಂಟ್ ಹಾಕೋಕೆ ಎರಡು ಸಲ ಪ್ರಾಕ್ಟೀಸ್ ಆದ್ರೆ ಹತ್ತು ಹದಿನೈದು ನಿಮಿಷ, ಅಷ್ಟಕ್ಕೆ ಯಾಕೆ ಬೇಕು ಆ ತಾಪತ್ರಯ.

ದುಡ್ಡಿನ ಲೆಕ್ಕ. ರೇಟು ಸೇಲ್ ಟೈಮಲ್ಲಿ ಮೇಲೆ ಕೆಳಗೆ ಆಗ್ತಿರ್ತೈತೆ, ಅಂದಾಜಿಗೆ ಹೇಳೋದಾದ್ರೆ ಸಾವಿರದೈನೂರರ ಆಸುಪಾಸು ಬರೋ ಫೋರ್ ಪರ್ಸನ್ ಟೆಂಟ್ ಮಕ್ಕಳು ಟೆರೇಸ್ ಮೇಲೆ ಆಡೋಕೆ, ಅದರಲ್ಲಿ ರಾತ್ರಿ ಕಳೆಯೋ ಯೋಚ್ನೆ ಬೇಡ. ಮೂರೂವರೆಯಿಂದ ಆರು ಸಾವ್ರದ ನಡುವೆ ಎರಡು ಪದರದ, ನೆಲದ ತನಕ ಹೊದಿಕೆ ಇರೋ, 2000 ಎಂಎಂ ಟೆಂಟ್ ಹುಡುಕಿದ್ರೆ ಸಿಗ್ತೈತೆ, ನಮ್ ಫ್ಯಾಮಿಲಿಗಳಿಗೆ ಸರಿಯಾದ ಜಾಗ ಇದೇ. ಅದಕ್ಕಿಂತ ಮೇಲೆ ಹೋದ್ರೆ ಜಾಸ್ತಿ ದುಡ್ಡು ಹೋಗೋದು ಎತ್ತರಕ್ಕೆ, ಮುಂದೆ ವರಾಂಡಕ್ಕೆ, ಹೆಸರಿಗೆ. ಬ್ರ್ಯಾಂಡ್ ಟೆಂಟಿನ ಒಂದು ದೊಡ್ಡ ಲಾಭ ಒಪ್ಕೋಬೇಕು, ಪೋಲು ಗೂಟ ಬಿಡಿಯಾಗಿ ಸಿಗೋ ಸಾಧ್ಯತೆ ಇರ್ತೈತೆ, ಹೆಸ್ರಿಲ್ಲದ ಕಂಪನಿದಾದ್ರೆ ಒಂದು ಪೋಲ್ ಹೋದ್ರೆ ಎಲ್ಲಾ ಹೋದಂಗೆ. ಬೆಂಗ್ಳೂರಿಗೆ ಹೋಗೋ ಕೆಲಸ ಇದ್ರೆ ದೊಡ್ಡ ಅಂಗಡೀಲಿ ನಿಲ್ಲಿಸಿಟ್ಟಿರೋ ಟೆಂಟ್ ಒಳಗೆ ಒಂದ್ಸಲ ಎಲ್ಲರೂ ಹೋಗಿ ಮಲ್ಕೊಂಡು ಬನ್ನಿ, ನಾಚ್ಕೆ ಬೇಡ, ಅದಕ್ಕೇ ಇಟ್ಟಿರೋದು. ಅಲ್ಲಿ ಬಾಡಿಗೆಗೂ ಟೆಂಟ್ ಸಿಗ್ತವೆ, ಮನೆಯವ್ರಿಗೆ ಇದು ಇಷ್ಟ ಆಗ್ತೈತೋ ಇಲ್ವೋ ಅಂತ ಡೌಟಿದ್ರೆ ಮೊದ್ಲು ಬಾಡಿಗೇದು ತಂದು ನೋಡ್ರಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಮೂಗಿಗೆ ಕೆಲಸ ಕೊಡಿ. ಒದ್ದೆ ಮಡಚಿಟ್ಟ ಟೆಂಟ್ ಒಳಗಿನ ಲೇಪ ಅಂಟಂಟಾಗಿ ವಾಂತಿ ಬಂದಂಗೆ ಹುಳಿ ವಾಸನೆ ಹೊಡಿತೈತೆ, ಅದನ್ನ ತೊಳೆದ್ರೂ ಸರಿ ಹೋಗಲ್ಲ, ಪುಕ್ಕಟೆ ಕೊಟ್ರೂ ಬೇಡ. ಜಿಪ್ ಪೂರ್ತಿ ಒಂದು ಸುತ್ತು ಎಳೆದು ನೋಡಿ, ಹಲ್ಲು ಬಿಡ್ತಿದ್ರೆ ರೇಟಲ್ಲಿ ಕಮ್ಮಿ ಮಾಡಿಸಿ, ಚೀಲ ಹೊಲಿಯೋರ ಹತ್ರ ಬದಲಾಯಿಸಬೋದು. ನಮ್ ಕಡೆ ಜಿಪ್ ಪೂರ್ತಿ ಮುಚ್ಚೋದು ಬರೀ ಸೊಳ್ಳೆಗಲ್ಲ, ದುರ್ಗದ ಕಲ್ಲು ಸಂದೀಲಿ ಚೇಳು ಇರ್ತವೆ, ಹಗಲಲ್ಲೂ ಜಿಪ್ ತೆಗೆದಿಟ್ಟು ಓಡಾಡ್ಬೇಡಿ, ನೆಲ ಗೋಡೆಗೆ ಹೊಲಿದಿರೋ ಟೆಂಟೇ ಆಗಿರ್ಬೇಕು.

ಟೆಂಟ್ ಜೊತೆ ಬರೋ ಗೂಟ ನೋಡಿದ್ರೆ ನಗು ಬರ್ತೈತೆ, ತಂತಿ ಬಗ್ಗಿಸಿ ಕೊಟ್ಟಿರ್ತಾರೆ. ದುರ್ಗದ ಗಟ್ಟಿ ನೆಲಕ್ಕೆ ಒಂದೇಟು ಹಾಕಿದ್ರೆ ಬಗ್ತದೆ, ದಾವಣಗೆರೆ ಕಡೆ ಎರೆ ಭೂಮೀಲಿ ಉಲ್ಟಾ, ಮಳೆ ಬಂದು ನೆಲ ನೆಂದ್ರೆ ಬೆಣ್ಣೇಲಿ ಕಡ್ಡಿ ಇಟ್ಟಷ್ಟೇ. ಗೂಟಕ್ಕೆ ಆನ್‌ಲೈನಲ್ಲಿ ದುಡ್ಡು ಕೊಡೋ ಬದ್ಲು ಪಕ್ಕದ ವೆಲ್ಡಿಂಗ್ ಶಾಪಲ್ಲಿ 8 ಎಂಎಂ ಕಂಬಿ ಮುಕ್ಕಾಲಡಿ ಒಂದಡಿ ಉದ್ದ ಕಟ್ ಮಾಡಿಸಿ, ಒಂದು ತುದಿ ಚೂಪು ಮಾಡಿಸಿ ಇನ್ನೊಂದು ತುದಿ ಕೊಕ್ಕೆ ಬಗ್ಗಿಸಿ ಅಂದ್ರೆ ಮಾಡ್ಕೊಡ್ತಾರೆ, ಮನೆ ಕಟ್ಟೋ ಜಾಗದಲ್ಲಿ ಮಿಕ್ಕಿರೋ ಕಂಬಿ ತುಂಡು ಸಿಕ್ರೆ ಇನ್ನೂ ಅಗ್ಗ. ತುದಿಗೆ ಕೆಂಪು ಬಟ್ಟೆ ಕಟ್ರಿ, ರಾತ್ರಿ ಎಡವೋದು ತಪ್ತೈತೆ. ಟೆಂಟ್ ಕಡೆಯಿಂದ ಆಚೆಗೆ ವಾಲಿಸಿ ಹೊಡಿಬೇಕು, ನೆಟ್ಟಗೆ ಅಲ್ಲ. ಗೂಟನೇ ಇಳಿಯದ ಬಂಡೆ ಜಾಗದಲ್ಲಿ ಹಗ್ಗಾನ ದೊಡ್ಡ ಕಲ್ಲಿಗೆ ಕಟ್ಟಿ, ಇಲ್ಲ ಖಾಲಿ ಗೊಬ್ಬರದ ಚೀಲ ನಾಲ್ಕು ಜೊತೇಲಿ ಒಯ್ದು ಅಲ್ಲೇ ಮಣ್ಣು ತುಂಬಿ ಕಟ್ಟಿದ್ರೆ ಯಾವ ಗೂಟಕ್ಕೂ ಕಮ್ಮಿ ಇಲ್ಲ. ಇದಕ್ಕೇ ಹೇಳೋದು ಗೂಟ ಇಲ್ದೆ ಪೋಲ್ ಮೇಲೇ ನಿಲ್ಲೋ ಗುಮ್ಮಟ ಟೆಂಟ್ ನಮಗೆ ಸರಿ ಅಂತ, ಕೆಲವು ಉದ್ದ ಸುರಂಗದ ಆಕಾರದ ಟೆಂಟ್‌ಗಳು ಗೂಟ ಇಲ್ದೆ ನಿಲ್ಲೋದೇ ಇಲ್ಲ. ಕೊಂಡಜ್ಜಿ ಸ್ಕೌಟ್ ಕ್ಯಾಂಪಿಗೆ ಹೋಗಿ ಬಂದ ಹುಡುಗ್ರು ಮನೇಲಿದ್ರೆ ಗಂಟು ಹಾಕೋ ಕೆಲಸ ಅವ್ರಿಗೇ ಬಿಡಿ.

ಈಗ ಮುಖ್ಯವಾದ್ದು. ಪಾರ್ಸಲ್ ಬಂದ ದಿನವೇ ಬಿಚ್ಚಿ, ಬಾಕ್ಸ್ ಎಸಿಬೇಡಿ. ರಿಟರ್ನ್ ಟೈಮು ವಾರ ಹತ್ತು ದಿನ ಇರ್ತೈತೆ, ರಜ ಬರ್ಲಿ ಆಮೇಲೆ ನೋಡನ ಅಂತ ಅಟ್ಟದ ಮೇಲಿಟ್ರೆ ಅದು ಮುಗಿದೇ ಹೋಗ್ತೈತೆ. ಟೆರೇಸ್ ಮೇಲೆ ಕೆಳಗೆ ಹಳೇ ಜಮಖಾನ ಹಾಸಿ ಪೂರ್ತಿ ನಿಲ್ಲಿಸ್ರಿ, ಮೂಲೆಗೆ ಇಟ್ಟಿಗೆ ಇಡಿ. ಮೊದ್ಲು ಒಣಗಿರೋವಾಗ್ಲೇ ಪೋಲ್ ಎಣಿಸಿ, ಜಿಪ್ ಎಳೆದು, ಹಗಲು ಬೆಳಕಲ್ಲಿ ಒಳಗೆ ಕೂತು ತಲೆ ಎತ್ತಿ ನೋಡಿ, ಚುಕ್ಕಿ ಚುಕ್ಕಿ ಬೆಳಕು ಕಂಡ್ರೆ ತೂತು. ಟ್ಯಾಗು ಸ್ಟಿಕ್ಕರ್ ಏನೂ ಕೀಳದೆ ಅಗಲ ಉದ್ದ ಅಳೀರಿ, ಬರ್ದಿರೋದಕ್ಕಿಂತ ಒಂದಡಿ ಕಮ್ಮಿ ಇದ್ರೆ ಫೋಟೋ ತೆಗೆದು ಅವಾಗ್ಲೇ ವಾಪಸ್ ಹಾಕಿ. ಇಷ್ಟೆಲ್ಲಾ ಸರಿ ಇದ್ರೆ ಪೈಪ್ ಹಿಡಿದು ನೀರು ಬಿಡಿ, ಮೇಲಿಂದ ಸ್ವಲ್ಪ ಹೊತ್ತು, ಆಮೇಲೆ ಸೈಡಿಂದ ಓರೆಯಾಗಿ, ಒಟ್ಟು ಹದಿನೈದು ಇಪ್ಪತ್ತು ನಿಮಿಷ. ಒಳಗೆ ಹಳೇ ನ್ಯೂಸ್‌ಪೇಪರ್ ಹರಡಿದ್ರೆ ಎಲ್ಲಿ ಹನಿ ಬಿತ್ತು ಅಂತ ಗೊತ್ತಾಗ್ತೈತೆ. ಸೋರಿದ್ರೆ ವಾಪಸ್, ಒಂದೇ ಕಡೆ ಹೊಲಿಗೇಲಿ ಸಣ್ಣಗೆ ಜಿನುಗಿದ್ರೆ ಸೀಮ್ ಸೀಲರ್ ಅಂತ ಟ್ಯೂಬ್ ಬರ್ತೈತೆ ಅದನ್ನ ಹಚ್ಚಬೋದು, ಆದ್ರೆ ಹೊಸ ಟೆಂಟಿಗೆ ನಾವ್ಯಾಕೆ ಹಚ್ಬೇಕು ಅನ್ನೋದು ನನ್ನ ವಾದ. ಆಷಾಢದ ಗಾಳಿ ಟೈಮಲ್ಲಿ ತಗೊಂಡಿದ್ರೆ ಇನ್ನೂ ಒಳ್ಳೇದು, ಟೆರೇಸ್ ಮೇಲೇ ಗಾಳಿ ಪರೀಕ್ಷೆನೂ ಆಗ್ತೈತೆ, ಹಗ್ಗ ಮಾತ್ರ ಗಟ್ಟಿಯಾಗಿ ಕಟ್ರಿ, ಇಲ್ಲ ಅಂದ್ರೆ ಪಕ್ಕದ ಮನೆ ಸಿಂಟೆಕ್ಸ್ ಮೇಲೆ ಹುಡುಕ್ಬೇಕಾಗ್ತೈತೆ.

ಟೆಂಟಿಗೆ ದುಡ್ಡು ಹಾಕಿ ಮಿಕ್ಕಿದ್ದರಲ್ಲಿ ಉಳಿಸ್ರಿ. ಸ್ಲೀಪಿಂಗ್ ಬ್ಯಾಗ್ ಯಾಕೆ, ಚಳ್ಳಕೆರೆ ಕಂಬ್ಳಿ ಇದ್ರೆ ಡಿಸೆಂಬರ್ ಚಳಿನೂ ಲೆಕ್ಕಕ್ಕಿಲ್ಲ. ಕೆಳಗೆ ಹಾಸೋಕೆ ಚಾಪೆ ಮೇಲೆ ಜಮಖಾನ. ಟೆಂಟ್ ಕೆಳಗೆ ಹಾಕೋಕೆ ಕಂಪನಿ ಶೀಟ್ ಬೇಡ, ರೈತರು ತಗೊಳ್ಳೋ ತಾಡಪಾಲ್ ಅಂಗಡೀಲಿ ಅಳತೆಗೆ ಕೊಡ್ತಾರೆ, ಒಂದೇ ಒಂದು ಎಚ್ಚರ, ಅದು ಟೆಂಟ್ ನೆಲಕ್ಕಿಂತ ಸುತ್ತ ಎರಡು ಮೂರು ಇಂಚು ಸಣ್ಣದಿರಬೇಕು, ಆಚೆ ಚಾಚಿದ್ರೆ ಮಳೆ ನೀರೆಲ್ಲಾ ಅದರ ಮೇಲೆ ಬಿದ್ದು ಟೆಂಟ್ ಕೆಳಗೇ ಹರಿತೈತೆ. ಇನ್ನೊಂದು ದೊಡ್ಡ ತಾಡಪಾಲ್ ಇದ್ರೆ ಹೊರಗಡೆ ನೆರಳಿಗೆ ಕಟ್ಟಿ, ಅಡುಗೆ ಅದರ ಕೆಳಗೆ. ಟೆಂಟ್ ಒಳಗೆ ಸ್ಟೌ ಹಚ್ಚೋದು, ಚಳಿ ಅಂತ ಇದ್ದಿಲ ಕೆಂಡ ತಂದಿಡೋದು ಯಾವ ಕಾರಣಕ್ಕೂ ಮಾಡ್ಬೇಡಿ, ಕೆಂಡದಿಂದ ಬರೋ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದೋರು ಏಳಲ್ಲ, ಬಟ್ಟೆನೂ ಕಿಡಿ ಬಿದ್ರೆ ಕರಗಿ ಮೈಗಂಟ್ತೈತೆ. ಸಿಡ್ಲು ಹೊಡಿಯೋಕೆ ಶುರು ಆದ್ರೆ ಟೆಂಟ್ ಎಷ್ಟೇ ಒಳ್ಳೇದಿರ್ಲಿ ಮಕ್ಕಳನ್ನ ಕರ್ಕೊಂಡು ಕಾರಲ್ಲಿ ಕೂತು ಗ್ಲಾಸ್ ಏರಿಸ್ರಿ, ಟೆಂಟ್ ಸಿಡಿಲಿಗೆ ಏನೂ ರಕ್ಷಣೆ ಅಲ್ಲ.

ಎಲ್ಲಿ ಹಾಕೋದು ಅಂತ ಕೇಳಿದ್ರೆ ಮೊದ್ಲು ಹೊಲ ತೋಟ, ಗೊತ್ತಿರೋರ ಜಾಗ. ಕೋಟೆ ಒಳಗೆ ಹಾಕಬೋದಾ ಅಂತ ಹುಡುಗ್ರು ಕೇಳ್ತಾರೆ, ಏಳು ಸುತ್ತಿನ ಕೋಟೆ ಪುರಾತತ್ವ ಇಲಾಖೆದು, ಸಂಜೆ ಆದ್ಮೇಲೆ ಎಲ್ಲರನ್ನೂ ಹೊರಗೆ ಕಳಿಸ್ತಾರೆ. ಜೋಗಿಮಟ್ಟಿ ವನ್ಯಜೀವಿ ಧಾಮ, ಕರಡಿ ಚಿರತೆ ಓಡಾಡೋ ಕಾಡು, ಅರಣ್ಯ ಇಲಾಖೆ ಪರ್ಮಿಷನ್ ಇಲ್ದೆ ಅಲ್ಲಿ ರಾತ್ರಿ ಉಳ್ಕೊಳ್ಳೋ ಮಾತೇ ಇಲ್ಲ. 2022ರಲ್ಲಿ ಹಿರಿಯೂರು ಹತ್ರದ ಮಾರಿಕಣಿವೆ ಡ್ಯಾಮು ಕೋಡಿ ಬಿತ್ತಲ್ಲ, 1933 ಆದ್ಮೇಲೆ ಅದೇ ಮೊದ್ಲು, ಆ ನೀರು ನೋಡಿದೋರಿಗೆಲ್ಲಾ ಹಿನ್ನೀರ ಪಕ್ಕ ಟೆಂಟ್ ಹಾಕೋ ಆಸೆ, ಜಮೀನು ಯಾರದ್ದು ಅಂತ ವಿಚಾರಿಸಿ ಕೇಳ್ಕೊಂಡು ನೀರಿಂದ ಸಾಕಷ್ಟು ಮೇಲಕ್ಕೆ ಹಾಕಿ, ಹಳ್ಳದ ದಾರೀಲಂತೂ ಒಣಗಿದೆ ಅಂತ ಹಾಕಲೇಬೇಡಿ, ಮಳೆ ಮೇಲೆಲ್ಲೋ ಬಿದ್ದು ನೀರು ಕೆಳಗೆ ಬರ್ತೈತೆ. ಬಾಗ್ಲು ಗಾಳಿಗೆ ಬೆನ್ನು ಮಾಡಿರ್ಲಿ, ಮುಂಗಾರಲ್ಲಿ ಗಾಳಿ ಪಶ್ಚಿಮದ ಕಡೆಯಿಂದ ಬರೋದು, ಅಗಲದ ಗೋಡೆ ಅಲ್ಲ ತಗ್ಗಿರೋ ಮೂಲೆ ಆ ಕಡೆಗೆ ತಿರುಗಿಸ್ರಿ.

ವಾಪಸ್ ಬಂದ್ಮೇಲೆ ಸುಸ್ತು ಅಂತ ಚೀಲ ಹಂಗೇ ಮೂಲೆಗೆ ಎಸಿಬೇಡಿ, ಮಳೆ ಬಂದಿರ್ಲಿಲ್ಲ ಅಂದ್ರೂ ಕೆಳಗಡೆ ತೇವ ಇದ್ದೇ ಇರ್ತೈತೆ. ಮಾರನೇ ದಿನ ಟೆರೇಸಲ್ಲಿ ನೆರಳಿರೋ ಕಡೆ ಬಟ್ಟೆ ಒಣಗಾಕೋ ತಂತಿ ಮೇಲೆ ಹಾಕಿ ಪೂರ್ತಿ ಒಣಗಿಸಿ, ಮಣ್ಣು ಒದ್ದೆ ಬಟ್ಟೇಲಿ ಒರೆಸಿ, ವಾಷಿಂಗ್ ಮೆಷಿನ್‌ಗೆ ಹಾಕಿದ್ರೆ ಲೇಪನೂ ಟೇಪೂ ಎರಡೂ ಹೋಗ್ತವೆ. ಬಿಗಿಯಾಗಿ ಸುತ್ತಿಡೋದಕ್ಕಿಂತ ಹಳೇ ತಲೆದಿಂಬಿನ ಕವರಲ್ಲಿ ಸಡಿಲವಾಗಿ ತುಂಬಿ ಟ್ರಂಕಲ್ಲಿ ಇಡೋದು ಒಳ್ಳೇದು, ಜೋಳ ಅಕ್ಕಿ ಮೂಟೆ ಇರೋ ರೂಮಲ್ಲಂತೂ ಬೇಡ, ಇಲಿಗೆ ಟೆಂಟ್ ಬಟ್ಟೆ ಕಡಿಯೋಕೆ ಎರಡು ನಿಮಿಷ ಸಾಕು. ಮುಂದಿನ ರಜಕ್ಕೆ ಹೊರಡೋ ಹಿಂದಿನ ಭಾನುವಾರನೇ ಒಂದ್ಸಲ ತೆಗೆದು ಬಿಚ್ಚಿ ನೋಡ್ಕೊಳ್ಳಿ, ಹೊರಡೋ ದಿನ ಬೆಳಗ್ಗೆ ಅಲ್ಲ.